ಕಟ್ಟಿಕೊಡಲಾರೆ ಎಂದವನು

ಮಗುವಿನ ತಲೆಗೆ ಹಾಕುವ ಕುಲಾವಿಯನ್ನು ತನ್ನ ಮುಷ್ಟಿಗೆ ತೊಡಿಸಿ, ಅದರ ದಾರ ಕಟ್ಟಲು ಒದ್ದಾಡುತ್ತಿದ್ದ ಹುಡುಗನನ್ನು ಕಂಡು ಉಮಾಶ್ರೀಗೆ ನಗು ತಡೆಯಲಾಗಲಿಲ್ಲ.

“ನಗಬೇಡಿ ಮೇಡಂ. ಮಾರೋ ವಸ್ತು ಹೇಗಿರುತ್ತೆ ಅಂತ ಗೊತ್ತಿಲ್ದೆ ವೆಬ್‌ಸೈಟ್ ಹೇಗೆ ಮಾಡ್ಲಿ?”

ಅವನು ತಲೆಯೆತ್ತಿದ. ಅವಳು ತಲೆ ತಗ್ಗಿಸಿದಳು. ಅಷ್ಟೇ... ವಿಜಯನಗರದ ಆ ಮಹಡಿ ಮೇಲಿನ ಪುಟ್ಟ ಅಂಗಡಿಯಲ್ಲಿ ಅಂದಿನಿಂದ ಅವಳ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಅದು 2009. ಅವಳ ತಾಯಿ ಹೊನ್ನವ್ವ ಖಣದ ಬಟ್ಟೆಯಲ್ಲಿ ಹೊಲಿಯುವ ಕುಲಾವಿಗಳನ್ನು ದೂರದೂರಿನವರೂ ಕೇಳತೊಡಗಿದ್ದರು. ಡಿಗ್ರಿ ಮುಗಿಸಿದ್ದ ಉಮಾಶ್ರೀ ಅವನ್ನು ಇಂಟರ್‌ನೆಟ್‌ನಲ್ಲಿ ಮಾರಲು ಹೊರಟಿದ್ದಳು. ಅದಕ್ಕಾಗಿ ಬಂದವನೇ ಚನ್ನಕೇಶವ. ಹೇರೋಹಳ್ಳಿಯವನು, ಒಬ್ಬನೇ ಕೂತು ವೆಬ್‌ಸೈಟ್ ಮಾಡಿಕೊಡುವವನು.

ದಾರಿ ಎರಡಿದ್ದವು. ಯಾವುದೋ ಕಂಪನಿ ಸಿದ್ಧಮಾಡಿಟ್ಟ ಆನ್‌ಲೈನ್ ಅಂಗಡಿಯನ್ನು ತಿಂಗಳ ಬಾಡಿಗೆಗೆ ಪಡೆದು, ಫೋಟೊ, ಬೆಲೆ ತುಂಬಿ ಬೇಗನೆ ಮಾರಾಟ ಶುರುಮಾಡುವುದು. ಇಲ್ಲವೇ ಚನ್ನಕೇಶವನೇ ಒಂದೊಂದು ಪುಟಕ್ಕೂ ಕೋಡ್ ಬರೆದು ಅವರಿಗೆಂದೇ ಹೊಸದಾಗಿ ಕಟ್ಟುವುದು. ಅದಕ್ಕೆ ಆರು ತಿಂಗಳು.

ಆರು ತಿಂಗಳು... ಅಷ್ಟು ದಿನವೂ ಅವನು ಈ ಮೆಟ್ಟಿಲು ಹತ್ತಿ ಬರುತ್ತಾನೆ.

“ಆ ಹುಡುಗ ಬರೋ ದಿನ ನಿನ್ನ ಕೈಯಾಗ ಕತ್ತರಿ ನಿಂದ್ರೂದಿಲ್ಲ ನೋಡು,” ಎಂದು ಹೊನ್ನವ್ವ ಛೇಡಿಸಿದಳು.

“ಸುಮ್ನಿರು ಅವ್ವಾ...”

ಮುಂದಿನ ಸಲ ಅವನು ಬಂದಾಗ ಅವಳು ಇದ್ದಬದ್ದ ಧೈರ್ಯ ಕೂಡಿಸಿ ಹೇಳಿಯೇಬಿಟ್ಟಳು. “ನಮಗೆ ಹೊಸದೇ ಬೇಕು. ನೀವೇ ಕಟ್ಟಿಕೊಡಿ.”

ಅವನು ತನ್ನ ಬ್ಯಾಗ್ ಹೆಗಲಿಗೇರಿಸಿದ.

“ಬೇಡ ಉಮಾಶ್ರೀ ಅವರೇ. ಬಾಡಿಗೇದೇ ತಗೊಳ್ಳಿ, ಸಾಕು. ನಾನು ಬರೋ ಅಗತ್ಯಾನೂ ಇರಲ್ಲ.”

ಎಷ್ಟು ಸಲೀಸಾಗಿ ಹೇಳಿಬಿಟ್ಟ! ಕೈಗೆ ಬಂದ ಕೆಲಸವನ್ನೂ ಬಿಟ್ಟು ಓಡುವಷ್ಟು ಬೇಡವಾದೆನಾ ನಾನು?

“ಸರಿ,” ಎಂದಳು.

ಸಿಟ್ಟಿನಲ್ಲೇ ಅವಳು ಬಾಡಿಗೆಯ ಅಂಗಡಿ ಹಿಡಿದಳು. ತಾರಸಿಯ ಬಿಸಿಲಿನಲ್ಲಿ ಕುಲಾವಿಗಳನ್ನಿಟ್ಟು ಫೋಟೊ ತೆಗೆದಳು. ಬೆಲೆ ಹಾಕಿದಳು, ಅಳಿಸಿದಳು, ಮತ್ತೆ ಹಾಕಿದಳು. ಕೂತರೆ ನಿಲ್ಲಬೇಕು, ನಿಂತರೆ ಕಿಟಕಿಗೆ ಹೋಗಬೇಕು. ಕೆಳಗೆ ಬೈಕ್ ನಿಂತ ಸದ್ದಾದರೆ ಮೆಟ್ಟಿಲ ಬಳಿಗೆ ಓಡುತ್ತಿದ್ದಳು. ಬಂದವನು ಯಾವಾಗಲೂ ಖಣದ ಬಟ್ಟೆ ತರುವ ಕೊರಿಯರ್‌ನವನೇ.

“ಫೋನ್ ಹಂಗ ದಿಟ್ಟಿಸಿ ನೋಡಿದ್ರ ಅದು ಬಡ್ಕೊಳ್ಳಂಗಿಲ್ಲವ್ವಾ,” ಎಂದಳು ಹೊನ್ನವ್ವ. ಈ ಸಲ ಛೇಡಿಸುವ ದನಿ ಇರಲಿಲ್ಲ.

ಕೊನೆಗೊಂದು ಬೆಳಿಗ್ಗೆ ನಾಸಿಕ್‌ನಿಂದ ಮೊದಲ ಆರ್ಡರ್ ಬಂತು. ತಾಯಿ ಸಕ್ಕರೆ ತಂದು ಬಾಯಿಗೆ ಹಾಕಿದಳು. ಉಮಾಶ್ರೀಗೆ ಅದು ಸಿಹಿಯೆನಿಸಲಿಲ್ಲ. ಈ ಸುದ್ದಿ ಹೇಳಬೇಕಾದವನಿಗೇ ಹೇಳಿಲ್ಲವಲ್ಲ...

ಮಧ್ಯಾಹ್ನ ಅವಳು ಮಹಾಲಕ್ಷ್ಮಿ ಲೇಔಟ್‌ನಲ್ಲಿದ್ದ ಅವನ ಒಂದು ಕೋಣೆಯ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು.

“ಏನಾದ್ರೂ ತೊಂದ್ರೆ ಆಯ್ತಾ?” ಅವನು ಗಾಬರಿಯಿಂದ ಎದ್ದ.

“ಇಲ್ಲ. ಮೊದಲನೇ ಆರ್ಡರ್ ಬಂತು. ಎಲ್ಲಾ ನಾನೇ ಮಾಡ್ಕೊಂಡೆ. ಒಂದೇ ಕೇಳೋಕೆ ಬಂದೆ. ನಮ್ಮ ಕೆಲಸ ಯಾಕೆ ಬೇಡ ಅಂದ್ರಿ? ನಾನು ನಿಮಗೆ ಅಷ್ಟು ಬೇಡವಾದ್ನಾ?”

ಅವಳನ್ನು ಕೂರಿಸಲೆಂದು ಕುರ್ಚಿಯ ಮೇಲಿದ್ದ ವೈರುಗಳನ್ನು ಎತ್ತಿಕೊಂಡವನು, ಎಲ್ಲಿಡುವುದೆಂದು ತಿಳಿಯದೆ ಹಾಗೇ ನಿಂತ.

“ದೀಪಾಂಜಲಿ ನಗರದಲ್ಲಿ ಅಣ್ಣಮ್ಮ ಅಂತ ಒಬ್ರಿದಾರೆ. ಅವರ ಉಪ್ಪಿನಕಾಯಿ ಅಂಗಡಿಗೆ ಪೂರ್ತಿ ನಾನೇ ಕೋಡ್ ಬರ್ದಿದ್ದು. ಒಂದು ಬೆಲೆ ಬದಲಾಯಿಸೋಕೂ ನನಗೇ ಫೋನ್ ಮಾಡ್ಬೇಕು. ತಪ್ಪು ನನ್ನದಾದ್ರೂ ಅವರೇ ‘ಬೇಜಾರ್ ಮಾಡ್ಕೋಬೇಡಿ ಸಾರ್’ ಅಂತಾರೆ. ನಾನು ಮುನಿಸ್ಕೊಂಡ್ರೆ ಅಂಗಡಿ ನಿಂತೋಗುತ್ತೆ ಅಂತ ಭಯ.”

“ಅದಕ್ಕೂ ನನಗೂ...?”

“ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು. ನಿಮ್ಮ ಅಂಗಡಿ ನನ್ನ ಕೈಲಿಟ್ಕೊಂಡು ಕೇಳಿದ್ರೆ, ಇಲ್ಲ ಅನ್ನೋಕೆ ನಿಮಗೆ ಆಗ್ತಿತ್ತಾ? ಹೂಂ ಅಂದಿದ್ರೂ ಅದು ನನಗೋ ಅಂಗಡಿಗೋ ಅಂತ ನನಗೆ ಹೇಗೆ ಗೊತ್ತಾಗ್ಬೇಕು?”

ಇಷ್ಟು ದಿನ ಅವಳನ್ನು ಕಾಡಿದ ‘ಬೇಡ’ ಎಂಬ ಮಾತು ಬೇರೆಯದೇ ಮುಖ ತೋರಿತು. ಕಣ್ಣು ತುಂಬಿಬಂತು.

“ಒಂದ್ಸಲ ಬರಬಹುದಿತ್ತಲ್ಲ...”

“ನಿಮ್ಮ ಮಾರಾಟ ಶುರುವಾಗ್ಲಿ ಅಂತ ಕಾಯ್ತಿದ್ದೆ. ದಿನಾ ಸೈಟ್ ತೆಗೆದು ನೋಡ್ತೀನಿ. ನೀಲಿ ಕುಲಾವಿ ಫೋಟೊ ತಲೆಕೆಳಗಾಗಿದೆ.”

“ಗೊತ್ತು. ನಾನೇ ಸರಿಮಾಡ್ತೀನಿ,” ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಆ ಮಾತು... ಈಗ ಕೇಳಿ.”

“ನನ್ನ ಮದುವೆ ಆಗ್ತೀರಾ? ಇಲ್ಲ ಅಂದ್ರೂ ನಿಮ್ಮ ಅಂಗಡಿ ನಡೆಯುತ್ತೆ.”

“ನಡೆಯುತ್ತೆ.” ಅವಳು ಅವನ ಕೈಯಿಂದ ವೈರುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. “ನಾಳೆ ಮನೆಗೆ ಬನ್ನಿ. ಅವ್ವನ ಹತ್ರ ಮಾತಾಡಿ.”

“ವೆಬ್‌ಸೈಟ್ ವಿಷಯ ಏನಾದ್ರೂ...?” ಅವನು ಇನ್ನೂ ನಂಬದವನಂತೆ ಕೇಳಿದ.

“ಕೆಲಸ ಏನೂ ಇಲ್ಲ,” ಎಂದಳು, ಮೊದಲ ಬಾರಿ ಅವನ ಕಣ್ಣನ್ನೇ ನೋಡುತ್ತ. “ಸುಮ್ನೆ ಬನ್ನಿ.”