ಮೂವತ್ತೇಳನೆಯ ಫೋಟೊ

ಗುರುವಾರ ಮಧ್ಯಾಹ್ನ ಹೆಲಿಕಾಪ್ಟರಿನವರಿಗೆ ಹೆಣ ಸಿಕ್ಕಿತು. ಆರ್ಫಾ ಬಂಡೆಯ ಬುಡದಲ್ಲಿ, ಇನ್ನೂರು ಅಡಿ ಕೆಳಗೆ. ಇನೆಸ್ ಡಾರ್ಗವೆಲ್, ಮೂವತ್ತು ವರ್ಷ, ಲಾನ್ಸೆಸ್ಟನ್ನಿನ ಶಾಲೆಯೊಂದರಲ್ಲಿ ಟೀಚರು. ಜೇಬಿನಲ್ಲಿದ್ದ ಫೋನು ಒಡೆದಿರಲಿಲ್ಲ. ಅದರ ಜೊತೆ ನಾಲ್ಕಾಗಿ ಮಡಚಿದ ಹಾಳೆಯೊಂದಿತ್ತು.

ಮಾರನೆಯ ಬೆಳಿಗ್ಗೆ ಸಾರ್ಜೆಂಟ್ ಲೋರ್ನಾ ಪೈಬಸ್ ಆ ಹಾಳೆಯ ನಕಲನ್ನು ಮೆರಿನ್ ಟೋಲಿಯ ಅಡುಗೆಮನೆಯ ಮೇಜಿನ ಮೇಲಿಟ್ಟಳು.

"ಇದು ನೀವು ಬರೆದದ್ದಾ?"

ಮೆರಿನ್ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಹೌದು, ಅವಳದೇ. ಡೆಲೊರೇನ್ ಊರಿನ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದವಳು, ಗಂಡ ಹೋದ ಮೇಲೆ ಬೆಟ್ಟ ಹತ್ತಲು ಕಲಿತವಳು. ಹೋದಲ್ಲೆಲ್ಲ ಫೋಟೊ ತೆಗೆದು, ಮನಸ್ಸಿಗೆ ತೋಚಿದ್ದನ್ನು ಬರೆದು ಬ್ಲಾಗಿಗೆ ಹಾಕುತ್ತಿದ್ದಳು. ಎರಡು ವರ್ಷದ ಹಿಂದೆ ಆರ್ಫಾ ಹೊಂಡದಾಚೆಯ ಪೆನ್ಸಿಲ್ ಪೈನ್ ತೋಪಿನ ಫೋಟೊ ಹಾಕಿದಳು. ಸಾವಿರ ವರ್ಷದ ಮರಗಳು. ಜನ ಮುಗಿಬಿದ್ದು ದಾರಿ ಕೇಳಿದರು. ಬರೆದಳು. ಇನೆಸ್ ಪ್ರಿಂಟ್ ತೆಗೆದು ಜೇಬಿನಲ್ಲಿಟ್ಟುಕೊಂಡದ್ದು ಅದನ್ನೇ. ಕೊನೆಯ ಸಾಲು ಹೀಗಿತ್ತು: "ಹೊಂಡ ದಾಟಿದ ಮೇಲೆ ಕಾಲುದಾರಿ ಇಲ್ಲ, ಗುರುತಿಗೆಂದು ಪೇರಿಸಿಟ್ಟ ಕಲ್ಲುಗುಪ್ಪೆಗಳನ್ನು ನಂಬಿ ನಡೆಯಿರಿ."

"ಅವಳು ನಂಬಿ ನಡೆದಳು," ಎಂದಳು ಸಾರ್ಜೆಂಟ್. "ನಮ್ಮ ಹುಡುಗರು ಮೇಲೆ ಹೋಗಿ ನೋಡಿದಾರೆ. ಗುಪ್ಪೆಗಳು ಎಡಕ್ಕೆ ಹೋಗ್ತವೆ. ನೆಟ್ಟಗೆ ಬಂಡೆ ಅಂಚಿನ ಕಡೆಗೆ."

"ಎಡಕ್ಕಾ? ಇಲ್ಲ, ಬಲಕ್ಕೆ."

ಮೆರಿನ್ ಎದ್ದು ತನ್ನ ಹಳೆಯ ಫೋಟೊಗಳನ್ನು ತೋರಿಸಿದಳು. ನಿಜವೇ. ಗಿಡ್ಡ ಕರಿಗುಪ್ಪೆಗಳ ಸಾಲು ಬಲಕ್ಕೆ ತಿರುಗಿ ತೋಪಿಗೆ ಹೋಗಿತ್ತು. ಸಾರ್ಜೆಂಟ್ ಬಹಳ ಹೊತ್ತು ನೋಡಿದಳು. ಹಾಗಾದರೆ ಯಾರೋ ಹಳೆಯ ಸಾಲನ್ನು ಕೆಡವಿ ಹೊಸದು ಕಟ್ಟಿದ್ದಾರೆ ಎಂದಳು. ಸಾವಿನ ವಿಚಾರಣೆಗೆ ಇನ್ನು ಮೂರು ವಾರ. ಅಷ್ಟರಲ್ಲಿ ಆ ಯಾರೋ ಸಿಗದಿದ್ದರೆ ತಪ್ಪು ಬಂದು ಕೂರುವುದು ಮೆರಿನ್‌ಳ ತಲೆಯ ಮೇಲೆ. ಇನೆಸಳ ತಾಯಿ ಆಗಲೇ ಪತ್ರಿಕೆಗೆ ಬರೆದಿದ್ದಳು: ನನ್ನ ಮಗಳನ್ನು ಕೊಂದದ್ದು ಆ ಬ್ಲಾಗಿನ ಹೆಂಗಸು.

* * *

ಮೊದಲ ಅನುಮಾನ ಡೆನ್ಜಿಲ್ ಕ್ರೋಪ್ ಮೇಲೆ. ದಾರಿ ಶುರುವಾಗುವಲ್ಲಿ ಅವನ ಜೇನುಪೆಟ್ಟಿಗೆಗಳಿದ್ದವು. ಚಾರಣಿಗರು ಗೇಟಿಗೆ ಅಡ್ಡ ಕಾರು ನಿಲ್ಲಿಸುತ್ತಾರೆಂದು ಎರಡು ಸಲ ಫಲಕ ಕಿತ್ತು ಹೊಳೆಗೆ ಎಸೆದಿದ್ದ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಮನುಷ್ಯ.

ದಾರಿ ಬಲ್ಲವಳೆಂದು ಸಾರ್ಜೆಂಟ್ ಮೆರಿನ್‌ಳನ್ನೂ ಜೊತೆಗೆ ಕರೆದೊಯ್ದಳು. ಅವನು ಕೋಲೂರಿಕೊಂಡು ಬಾಗಿಲಿಗೆ ಬಂದ. ಸಾರ್ಜೆಂಟ್ ಕೇಳಿದ್ದಕ್ಕೆ ನಗಲೂ ಇಲ್ಲ.

"ಈ ಸೊಂಟ ಇಟ್ಕೊಂಡು ಕಕ್ಕಸಿಗೆ ಹೋಗೋದೇ ನನಗೊಂದು ಚಾರಣ ಕಣಮ್ಮ. ಬೆಟ್ಟ ಹತ್ತಿ ಕಲ್ಲು ಹೊರ್ತೀನಾ?" ಆಮೇಲೆ ಮೆರಿನ್ ಕಡೆ ತಿರುಗಿದ. "ಕದಿಯೋರು ನೀವು ಬೆಟ್ಟ ಹತ್ತೋರು. ಹೊಳೆ ಕಲ್ಲನ್ನೂ ಬಿಡಲ್ಲ. ಎರಡು ವಾರದ ಹಿಂದೆ, ಈಸ್ಟರ್ ಹಬ್ಬದಲ್ಲಿ, ನಿಮ್ಮೋನೊಬ್ಬ ಮುದುಕ ಜೇಬು ತುಂಬ ಆರಿಸ್ಕೊಂಡು ಹೋದ."

ಗೊಣಗುವುದು ಅವನ ಹುಟ್ಟುಗುಣ ಎಂದು ಇಬ್ಬರೂ ಆ ಮಾತನ್ನು ಅಲ್ಲೇ ಬಿಟ್ಟರು. ಆಸ್ಪತ್ರೆಯ ಕಾಗದ ನೋಡಿದ ಸಾರ್ಜೆಂಟ್ ಅವನನ್ನೂ ಬಿಟ್ಟಳು.

* * *

ಇನೆಸಳ ಫೋನಿನಲ್ಲಿ ನಲವತ್ತೊಂದು ಫೋಟೊ ಇದ್ದವು. ಜಾಗ ಗುರುತಿಸಲು ಸಾರ್ಜೆಂಟ್ ಅವುಗಳ ಪ್ರತಿ ಕೊಟ್ಟಿದ್ದಳು. ಭಾನುವಾರ ಇಡೀ ದಿನ ಮೆರಿನ್ ಅವನ್ನೇ ನೋಡುತ್ತ ಕೂತಳು. ಮಾಡಿದ ಟೀ ಆರಿಹೋಯಿತು.

ಮೊದಮೊದಲು ಬಿಸಿಲು. ಹೊಳೆ. ಬೂಟು ಹಾಕಿದ ಕಾಲು. ಹೊಂಡದ ನೀರಲ್ಲಿ ಆಕಾಶ. ಮೆರಿನ್ ಕೂಡ ಇದೇ ಕಲ್ಲಿನ ಮೇಲೆ ನಿಂತು ಇದೇ ಫೋಟೊ ತೆಗೆದಿದ್ದಳು. ಮೂವತ್ತಮೂರರಿಂದ ಮಂಜು. ಮೂವತ್ತೇಳರಲ್ಲಿ ಮಂಜು ಬಿಟ್ಟರೆ ಬೇರೇನೂ ಇಲ್ಲ ಅನ್ನಬೇಕು. ನಡುವೆ ಒಂದೇ ಒಂದು ಬಿಳಿ ಚುಕ್ಕೆ.

ಹಿಗ್ಗಿಸಿದಳು. ಕಲ್ಲುಗುಪ್ಪೆ. ಅದರ ನೆತ್ತಿಯ ಮೇಲೆ ಮುಷ್ಟಿಯಷ್ಟು ಬಿಳಿ ಕಲ್ಲು, ಗಾಳಿಗೆ ಉರುಳದಂತೆ ಸುತ್ತ ಮೂರು ಚಕ್ಕೆ ಸಿಕ್ಕಿಸಿದ್ದರು.

ಆ ಬೆಟ್ಟದ ಮೇಲೆ ಬಿಳಿ ಕಲ್ಲು ಹುಟ್ಟುವುದಿಲ್ಲ. ಎಲ್ಲ ಕರಿ. ಬಿಳಿ ಬೇಕಾದರೆ ಹೊಳೆಯಿಂದ ಹೊರಬೇಕು, ಮೂರು ಗಂಟೆ ದಾರಿ.

ಮೆರಿನ್ ಕುರ್ಚಿಯಲ್ಲಿ ಹಿಂದಕ್ಕೊರಗಿದಳು. ಬೇಡ, ಬೇರೆ ಯಾರಾದರೂ ಆಗಿರಲಿ ಎಂದು ಬೇಡಿಕೊಂಡಳು. ಆಮೇಲೆ ಸಾರ್ಜೆಂಟಿಗೆ ಫೋನು ಮಾಡಿದಳು.

* * *

ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಚಾರಣ ಕ್ಲಬ್ಬಿನ ಫೋಟೊ ಕೂಟ. ಗೋಡೆಗೆ ಬಿಳಿ ಬಟ್ಟೆ, ಮೇಜಿನ ಮೇಲೆ ಸ್ಕೋನ್ ಬನ್ನು, ಜಾಮು. ಯಾರು ಎಲ್ಲಿಗೆ ಹೋಗಿದ್ದರೋ ಆ ಫೋಟೊ ತೋರಿಸಿ ಕಥೆ ಹೇಳುವುದು ವಾಡಿಕೆ. ಈ ಸಲ ಯಾರೂ ಮೆರಿನ್‌ಳ ಪಕ್ಕ ಕೂರಲಿಲ್ಲ. ಬಂದು ಕೂತವನು ರಾಯ್ಸ್ ಬ್ರಾಮಿಚ್ ಒಬ್ಬನೇ. ಎಪ್ಪತ್ತನಾಲ್ಕು ವರ್ಷ, ಕ್ಲಬ್ಬಿಗೆಲ್ಲ ಗುರು. ಗಂಡ ಸತ್ತ ವರ್ಷ ಮೆರಿನ್‌ಳನ್ನು ಮನೆಯಿಂದ ಹೊರಗೆಳೆದು ಬೆಟ್ಟ ತೋರಿಸಿದವನೂ ಅವನೇ.

"ತಲೆ ಎತ್ತು ಹುಡ್ಗಿ," ಎಂದ ಮೆಲ್ಲಗೆ.

ಅವಳಿಗೆ ಅಳು ಬಂತು. ಎದ್ದು ಹೋಗಿ ತನ್ನ ಹಳೆಯ ಫೋಟೊ ತೋರಿಸಿದಳು: ಕರಿ ಗುಪ್ಪೆಗಳು, ಬಲಕ್ಕೆ. ಆಮೇಲೆ ಮೂವತ್ತೇಳನೆಯದು.

ಗುಪ್ಪೆಯ ನೆತ್ತಿಯ ಬಿಳಿ ಕಲ್ಲು ಎಲ್ಲರಿಗೂ ಕಂಡಿತು. ಹೊಸಬರಿಗೆಲ್ಲ ರಾಯ್ಸ್ ಕಲಿಸುವ ಮೊದಲ ಪಾಠ ಅದು: ಕರಿ ಬಂಡೆ ಮೇಲೆ ಕರಿ ಕಲ್ಲು ಮಂಜಿನಲ್ಲಿ ಕಾಣದು, ಹೊಳೆಯಿಂದ ಬಿಳಿ ಕಲ್ಲು ತಾ, ಹಿಂದೆ ಬರುವವರನ್ನು ನೆನೆದು ಕಟ್ಟು. ನಲವತ್ತು ವರ್ಷದಿಂದ ಎಲ್ಲರೂ ತಲೆದೂಗಿದ್ದರು. ಹೊತ್ತವನು ಅವನೊಬ್ಬನೇ. ಒಂದೊಂದಾಗಿ ತಲೆಗಳು ಅವನತ್ತ ತಿರುಗಿದವು.

ಬಾಗಿಲ ಬಳಿ ನಿಂತಿದ್ದ ಸಾರ್ಜೆಂಟ್ ಮುಂದೆ ಬಂದಳು. ಮಂಡಿನೋವಿನ ಕಾರಣ ನಾಲ್ಕು ವರ್ಷದಿಂದ ಆರ್ಫಾಕ್ಕೆ ಹೋಗಿಲ್ಲ ಎಂದು ರಾಯ್ಸ್ ಹೇಳಿಕೆ ಕೊಟ್ಟಿದ್ದ. ಆದರೆ ಕ್ಲಬ್ಬಿನ ಗುಂಪು ಫೋಟೊ ತೋರಿಸಿದಾಗ, ಹೊಳೆಯಲ್ಲಿ ಕಲ್ಲು ಆರಿಸಿದವನು ಇವನೇ ಎಂದು ಡೆನ್ಜಿಲ್ ಬೆರಳಿಟ್ಟಿದ್ದ. ಚಕ್ಕೆಗಳಿಗೆ ಹಾವಸೆ ಹತ್ತಿರಲಿಲ್ಲ. ಸಾಲು ಕಟ್ಟಿ ತಿಂಗಳೂ ಆಗಿಲ್ಲ.

ರಾಯ್ಸ್ ಅಲ್ಲಗಳೆಯಲಿಲ್ಲ.

"ಹೋದ ಬೇಸಿಗೇಲಿ ಯಾರೋ ಆ ಪೈನ್ ತೋಪಲ್ಲಿ ಬೆಂಕಿ ಹಾಕಿದ್ರು. ಹನ್ನೊಂದು ಮರ ಹೋದ್ವು. ಅವು ಮತ್ತೆ ಚಿಗುರಲ್ಲ." ಮೆರಿನ್‌ಳನ್ನು ನೋಡಿದ. "ಜಾಗದ ಹೆಸರು ಹಾಕ್ಬೇಡ ಅಂತ ನಿನಗೆ ಹೇಳಿದ್ದೆ."

ಹೇಳಿದ್ದ. ಅವಳು ನಕ್ಕು ತಳ್ಳಿಹಾಕಿದ್ದಳು.

ಕೊಲ್ಲುವ ಯೋಚನೆ ತನಗಿರಲಿಲ್ಲ ಎಂದ. ಮುಳ್ಳುಪೊದೆಯ ತನಕ ಮಾತ್ರ ಸಾಲು ಕಟ್ಟಿದ್ದನಂತೆ. ಬಂದವರು ಮೈ ಗೀರಿಕೊಂಡು, ಬೈದುಕೊಂಡು ತಿರುಗಿ ಹೋಗಲಿ ಎಂದು. ಪೊದೆಯಿಂದ ಅಂಚಿಗೆ ಇನ್ನೂ ನಲವತ್ತು ಹೆಜ್ಜೆ ಇತ್ತು. ಹಗಲಲ್ಲಿ ಅಂಚು ಯಾರಿಗಾದರೂ ಕಾಣುತ್ತದೆ ಎಂದುಕೊಂಡಿದ್ದನಂತೆ.

"ಹಾಗಾದ್ರೆ ಬಿಳಿ ಕಲ್ಲು ಯಾಕಿಟ್ಟೆ ರಾಯ್ಸ್?" ಎಂದಳು ಮೆರಿನ್.

ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಗೊತ್ತಿಲ್ಲ. ಗುಪ್ಪೆ ಕಟ್ಟಿದ್ರೆ ಇಡ್ತೀನಿ."

ಸಾರ್ಜೆಂಟ್ ಜೇಬಿನಿಂದ ಒಂದು ಚೀಟಿ ತೆಗೆದಳು. ಮೂವತ್ತೇಳನೆಯ ಫೋಟೊದ ಕೆಳಗೆ ಇನೆಸ್ ತಾಯಿಗೆಂದು ನಾಲ್ಕು ಮಾತು ಬರೆದಿದ್ದಳು. ಸಿಗ್ನಲ್ ಇಲ್ಲದೆ ಅದು ಹೋಗಿರಲಿಲ್ಲ. ಸಾರ್ಜೆಂಟ್ ಓದಿದಳು.

"ಅಮ್ಮಾ, ಮಂಜು ಜಾಸ್ತಿ ಆಯ್ತು, ವಾಪಸ್ ಬರೋಣ ಅಂತಿದ್ದೆ. ಆದ್ರೆ ಯಾರೋ ಪುಣ್ಯಾತ್ಮರು ದಾರಿಗೆ ಬಿಳಿ ಕಲ್ಲು ಇಟ್ಟಿದಾರೆ. ಇನ್ನು ಹೆದರಿಕೆ ಇಲ್ಲ."

ರಾಯ್ಸ್ ಬಟ್ಟೆಯ ಮೇಲಿನ ಬಿಳಿ ಚುಕ್ಕೆಯತ್ತ ತಿರುಗಿದ.

"ಕೆಟ್ಟದಾಗಿ ಕಟ್ಟಿದ್ರೆ ಬದುಕ್ತಿದ್ಲು," ಎಂದ. ಎದ್ದು ತಾನೇ ಕೋಟು ಹಾಕಿಕೊಂಡು ಸಾರ್ಜೆಂಟಿನ ಹಿಂದೆ ಹೊರಟ.

ವಿಚಾರಣೆಯಲ್ಲಿ ಮೆರಿನ್‌ಳ ತಪ್ಪಿಲ್ಲವೆಂದು ತೀರ್ಪಾಯಿತು. ಆ ಸಂಜೆ ಅವಳು ಬ್ಲಾಗು ತೆರೆದು ಆರ್ಫಾದ ಹೆಸರು ಅಳಿಸಿದಳು, ದಾರಿ ಅಳಿಸಿದಳು. ಮರಗಳ ಫೋಟೊ ಮಾತ್ರ ಉಳಿಯಿತು. ಅದರ ಕೆಳಗೆ ಮೊದಲ ದಿನವೇ ಯಾರೋ ಬರೆದಿದ್ದ ಮಾತೂ ಹಾಗೇ ಇತ್ತು: ಎಷ್ಟು ಚೆನ್ನಾಗಿದೆ, ನಾನೂ ಒಮ್ಮೆ ಹೋಗಲೇಬೇಕು. ಕೆಳಗಿದ್ದ ಹೆಸರು ಇನೆಸ್.