ಬೈಟು ಚಹಾದ ಕೆಂಪು ದೀಪ

ಹುಸೇನಸಾಬ ನದಾಫ ಒಂದು ಗುಟುಕು ಚಹಾ ಕುಡಿದು ಬಾಯೊರೆಸಿಕೊಳ್ಳುವಷ್ಟರಲ್ಲಿ ಕಪ್ಪಿನ ಹಿಡಿಯಲ್ಲಿ ಹಸಿರು ದೀಪ ಹೊತ್ತಿತು.

"ನೋಡ್ರಿ ಅಕ್ಕಾರ, ಹಸರ. ಗೇಟಿಗೆ ಹಾಕಿದ ಮ್ಯಾಲೆ ದಿನಾ ಹಸರನ. ಅದಕ್ಕ ಮದಲ ಬರೇ ಕೆಂಪ. ನಿಮ್ಮ ಕಪ್ಪಿಗೆ ತಲಿ ಕೆಟ್ಟೈತಿ."

ಶಿವಲೀಲಾ ಯರಗಟ್ಟಿ ಕಣ್ಣುಜ್ಜಿಕೊಂಡಳು. ಆ ಕಪ್ ಮಾಡಲು ಎಂಟು ವರ್ಷ ಹೆಣಗಿದ್ದಳು. ಮಾಡಿದ ಮೇಲೆ ಎರಡು ವರ್ಷದಿಂದ ದೂರು ಕೇಳುತ್ತಿದ್ದಳು. ಸಾಕು ಸಾಕಾಗಿತ್ತು ಅವಳಿಗೆ.

ಚಹಾ ಕುಡಿದರೆ ಲಕ್ವಾ ಬರುತ್ತದೋ ತಪ್ಪುತ್ತದೋ ಎಂದು ಅಜ್ಜನ ಕಾಲದಿಂದ ನಡೆದ ಜಗಳದ ಉಸಾಬರಿ ಅವಳಿಗೆ ಬೇಕಿರಲಿಲ್ಲ. ಹುಬ್ಬಳ್ಳಿಯ ಜನ ಹೇಗೂ ಚಹಾ ಬಿಡುವುದಿಲ್ಲ, ಕುಡಿಯುವಾಗಲೇ ರೋಗ ಹಿಡಿಯೋಣ ಎಂಬುದು ಅವಳ ವಿಚಾರ. ಬಿಸಿ ಚಹಾ ಒಳಗಿಳಿದಾಗ ಆರೋಗ್ಯವಂತ ರಕ್ತನಾಳ ತುಸು ಸಡಿಲಾಗುತ್ತದೆ, ಪೆಡಸಾದದ್ದು ಜಪ್ಪಯ್ಯ ಅಂದರೂ ಬಗ್ಗುವುದಿಲ್ಲ. ಹಿಡಿಯೊಳಗಿನ ಬೆಳಕು ಬೆರಳಿನ ನಾಡಿಯಲ್ಲಿ ಅದನ್ನು ಓದಿ ಹಸಿರೋ ಕೆಂಪೋ ಹೇಳುತ್ತಿತ್ತು. ಬಸ್ ಡ್ರೈವರರಿಗೆ ಪಾಳಿಯಂತೆ ಕೊಡುತ್ತಿದ್ದ ಈ ಕಪ್ ಮೂವತ್ತು ಸಲ ಕೆಂಪಾದರೆ ಡಿಪೊಕ್ಕೆ ಸುದ್ದಿ ಹೋಗುತ್ತಿತ್ತು. 2061ರ ಆ ಹೊತ್ತಿಗೂ ಹಳ್ಳಿ ರಸ್ತೆಯ ಬಸ್ಸಿಗೆ ಡ್ರೈವರೇ ಗತಿ. ಹುಸೇನಸಾಬನನ್ನು ಸ್ಟೇರಿಂಗಿನಿಂದ ಎಬ್ಬಿಸಿ ಗೇಟಿನಲ್ಲಿ ಕೂರಿಸಿ ಎರಡು ತಿಂಗಳಾಗಿತ್ತು. ಅವಳ ಸಹಿ ಇಲ್ಲದೆ ಅವನಿಗೆ ಗಾಡಿ ಸಿಗುವಂತಿರಲಿಲ್ಲ.

"ಗೇಟಿಗೆ ಬರೂಕಿಂತ ಮದಲ ಚಹಾ ಹೆಂಗ ಕುಡೀತಿದ್ರಿ?"

"ಎಲ್ಲಾರೂ ಕುಡಿದಂಗ. ಬೈಟು. ಗೇಟಿನ್ಯಾಗ ಈಗ ಒಬ್ಬನ ಕುಡೀತೇನಿ."

ಶಿವಲೀಲಾ ಪೆನ್ನು ಕೆಳಗಿಟ್ಟಳು. ಒಂದು ಚಹಾ ಹೇಳಿ ಅರ್ಧ ಕಪ್ಪಿನಲ್ಲಿ, ಅರ್ಧ ಅದರ ಕೆಳಗಿನ ಬಸಿಯಲ್ಲಿ ಇಬ್ಬರು ಹಂಚಿಕೊಳ್ಳುವ ಊರಿನಲ್ಲಿ ಹುಟ್ಟಿ ಬೆಳೆದವಳು, ಒಬ್ಬನ ಕಪ್ಪಿನಲ್ಲಿ ಅವನೊಬ್ಬನೇ ಕುಡಿಯುತ್ತಾನೆಂದು ನಂಬಿ ಯಂತ್ರ ಕಟ್ಟಿದ್ದಳು. ಥೂ, ನನ್ನ ಬುದ್ಧಿಗಿಷ್ಟು ಎಂದು ತನ್ನನ್ನೇ ಬೈದುಕೊಂಡಳು.

"ಕಪ್ ಯಾರಿಗೆ, ಬಸಿ ಯಾರಿಗೆ?"

"ಬಸಿಯೊಳಗ ಹಾಕ್ಕೊಂಡು ನಾ ಕುಡೀತಿದ್ದೆ. ಅಂವ ನನಗಿಂತ ದೊಡ್ಡಾಂವ. ದೊಡ್ಡಾವ್ರಿಗೆ ಬಸಿ ಕೊಡಾಕ ಬರತೈತೇನ್ರಿ?"

"ಯಾರು ಅಂವ? ಅವರಿಗೆ ಕಪ್ ಕೊಟ್ಟಿಲ್ಲೇನು?"

"ಅವನ ಪಾಳಿ ಇನ್ನೂ ಬಂದಿಲ್ಲ." ಹುಸೇನಸಾಬ ನೆಲ ನೋಡಿದ. ಕೆಂಪು ದೀಪ ತನ್ನದಲ್ಲ, ಕಪ್ ಹಿಡಿದವನದು ಎಂಬುದು ಅವನಿಗೀಗ ಅರ್ಥವಾಗಿತ್ತು. "ಹೆಸರ ಹೇಳಿದ್ರ ಅವನ್ನೂ ಎಬ್ಬಸ್ತಾರ. ಆರ ತಿಂಗಳ ನೌಕರಿ ಉಳದೈತಿ. ಗೇಟಿನ್ಯಾಗ ನಾನ ಕುಂದರ್ತೇನಿ, ಬಿಡ್ರಿ."

ಜಗಳಾಡುವ ಶಕ್ತಿಯೂ ಅವಳಲ್ಲಿ ಉಳಿದಿರಲಿಲ್ಲ. "ಲಕ್ವಾ ಹೊಡದ್ರ ಆರ ತಿಂಗಳೂ ಇಲ್ಲ, ಆರ ದಿನಾನೂ ಇಲ್ಲ. ಈಗ ಎಲ್ಲಿ ಅದಾರ ಅವರು?"

ಹುಸೇನಸಾಬ ತಟ್ಟನೆ ಎದ್ದು ನಿಂತ.

"ನನ್ನ ಗಾಡಿ ಅವಂಗನ ಕೊಟ್ಟಾರ ಅಕ್ಕಾರ. ಫಕ್ಕೀರಪ್ಪಗ. ಅಣ್ಣಿಗೇರಿ ರೂಟ್."

ಅವನು ಕೂಡಲೇ ಆ ಗಾಡಿಯ ಕಂಡಕ್ಟರನಿಗೆ ಫೋನು ಹಚ್ಚಿದ. ಗಾಡಿ ಅಣ್ಣಿಗೇರಿ ಸ್ಟ್ಯಾಂಡಿನಲ್ಲಿ ನಿಂತಿತ್ತು, ಡ್ರೈವರು ಚಹಾಕ್ಕೆ ಇಳಿದಿದ್ದ. "ಅವನ್ನ ಮತ್ತ ಗಾಡಿ ಹತ್ತಸಬ್ಯಾಡೋ ತಮ್ಮಾ, ನಿನ್ನ ಕಾಲ ಬೀಳ್ತೇನಿ," ಎಂದ ಹುಸೇನಸಾಬ.

ಸಂಜೆಯ ಹೊತ್ತಿಗೆ ಫಕ್ಕೀರಪ್ಪ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ. ಮಿದುಳಿಗೆ ಹೋಗುವ ಕತ್ತಿನ ರಕ್ತನಾಳ ಕೂದಲೆಳೆಯಷ್ಟೇ ತೆರೆದಿತ್ತು. ಇನ್ನೊಂದು ವಾರ ತಡವಾಗಿದ್ದರೆ ಏನಾಗುತ್ತಿತ್ತೋ ಹೇಳಲಾರೆವು ಎಂದರು ವೈದ್ಯರು. ಶಿವಲೀಲಾಳ ಸಂಸ್ಥೆಯ ನಿರ್ದೇಶಕರು ಫೋನು ಮಾಡಿ, ಒಡೆಯನ ಬೆರಳಿನ ಗುರುತು ಹಿಡಿಯುವ ಹೊಸ ಕಪ್ ಬೇಗ ಮಾಡಿರಿ ಎಂದರು. ಆಗಲಿ ಎಂದು ಅವಳು ಫೋನಿಟ್ಟು, ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಹುಸೇನಸಾಬನ ಪಕ್ಕ ಕುಳಿತಳು.

"ಅವರಿಗೆ ಏನರ ತ್ರಾಸ ಇತ್ತೇನು? ನಿಮಗ ಕಂಡಿತ್ತೇನು?"

"ಎಡಗೈ ಜೋಮ ಹಿಡೀತೈತಿ ಅಂತಿದ್ದ. ಒಮ್ಮೊಮ್ಮೆ ಬಾಯಿ ಸೊಟ್ಟ ಆಗಿ ಚಹಾ ಅಂಗಿ ಮ್ಯಾಲೆ ಸುರೀತಿತ್ತು. ಹತ್ತ ಮಿನಿಟಿಗೆ ಸರಿ ಆಗತಿತ್ತು. ಮುದುಕ ಆದಿ ಬಿಡಪಾ ಅಂತ ಎಲ್ಲಾರೂ ನಗತಿದ್ವಿ."

ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಕೂಡಲೇ ಆಸ್ಪತ್ರೆಗೆ ಓಡಿರಿ, ತಾನಾಗಿ ಸರಿಯಾದರೂ ಬಿಡಬೇಡಿರಿ. ಇದು ಅವಳ ತಾಯಿ ಹರೆಯದಲ್ಲಿದ್ದಾಗಲೇ, ನಲವತ್ತು ವರ್ಷದ ಹಿಂದೆಯೇ, ವೈದ್ಯರು ಹೇಳಿ ಹೇಳಿ ಬೇಸತ್ತ ಮಾತು. ಅದಕ್ಕೆ ಅವಳ ಕಪ್ ಬೇಕಿರಲಿಲ್ಲ.

"ಕಪ್ ಕೆಂಪ ಆದಾಗರ ಯಾರಿಗೂ ಅನಮಾನ ಬರಲಿಲ್ಲೇನು?" ಎಂದು ಕೇಳಿದಳು.

"ಕಪ್ಪಿನ ಮ್ಯಾಲೆ ನನ್ನ ಹೆಸರ ಇತ್ತಲ್ರಿ," ಎಂದ ಹುಸೇನಸಾಬ. "ಎಲ್ಲಾರೂ ನನ್ನ ಮಾರಿ ನೋಡಿದ್ರು. ಎದರಿಗೆ ಕುಂತು ಕುಡಿಯಾಂವನ ಮಾರಿ ನಾನೂ ನೋಡಲಿಲ್ಲ."