ದೊಡ್ಡಮ್ಮನ ಶೂ ಲೇಸು

"ಬಟನ್, ಬಾರೇ ಇಲ್ಲಿ. ಲೇಸು ಬಿಚ್ಚಿಕೊಂಡಿದೆ, ಸ್ವಲ್ಪ ಕಟ್ಟು."

ಸ್ಪೋರ್ಟ್ಸ್ ಡೇ ಗದ್ದಲದಲ್ಲೂ ದೊಡ್ಡಮ್ಮನ ದನಿ ಶಾಲೆಯ ಮೈದಾನದ ಆ ತುದಿಗೂ ಕೇಳಿಸುವಂಥದ್ದು. ಆದರೆ ಪಕ್ಕದಲ್ಲೇ, ನಲ್ಲಿಯ ಹತ್ತಿರ ನಿಂತಿದ್ದ ಬಟನ್‌ಗೆ ಮಾತ್ರ ಕೇಳಿಸಲಿಲ್ಲವಂತೆ. ನಂಬಬೇಡಿ, ಅದು ಜಾಣ ಕಿವುಡು. ಬಾಯಾರಿಕೆ ಇಲ್ಲದಿದ್ದರೂ ಅವಳು ನಲ್ಲಿಗೆ ಬೊಗಸೆ ಒಡ್ಡಿ ಗಟಗಟ ನೀರು ಕುಡಿದಳು.

ಬಟನ್ ಅನ್ನುವುದು ಅವಳ ಶಾಲೆಯ ಹೆಸರಲ್ಲ. ಪುಟ್ಟವಳಿದ್ದಾಗ ದೊಡ್ಡಮ್ಮನ ಟೈಲರ್ ಅಂಗಡಿಯಲ್ಲಿ ಒಂದು ಶರ್ಟ್ ಬಟನ್ ನುಂಗಿ ಮನೆಮಂದಿಯನ್ನೆಲ್ಲ ಆಸ್ಪತ್ರೆಗೆ ಓಡಿಸಿದ್ದಳು. ನುಂಗಿದ ಬಟನ್ ಮಾರನೆಯ ದಿನ ತಾನಾಗೇ ಹೊರಗೆ ಬಂತು. ಹೆಸರು ಮಾತ್ರ ಹೋಗಲೇ ಇಲ್ಲ.

"ಏಯ್, ನಿನ್ನ ದೊಡ್ಡಮ್ಮ ಕರೀತಿದ್ದಾರೆ," ಅಂದಳು ಜಿರಾಫೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಎತ್ತರದ ಹುಡುಗಿ ಅವಳು. ಕಾಲೂ ಉದ್ದ, ನಾಲಿಗೆಯೂ ಉದ್ದ. "ಲೇಸು ಕಟ್ಟಿಕೊಳ್ಳೋಕೂ ಆಗಲ್ವಾ ಅವರಿಗೆ?"

"ಆಗುತ್ತೆ. ಸೋಮಾರಿತನ ಅಷ್ಟೇ," ಅಂದುಬಿಟ್ಟಳು ಬಟನ್. "ಎಲ್ಲಾ ಕೆಲಸಾನೂ ನನ್ನ ಕೈಲೇ ಮಾಡಿಸ್ತಾರೆ."

ಜಿರಾಫೆ ಕಿಸಕ್ಕನೆ ನಕ್ಕಳು. ಬಟನ್ ಮೆಲ್ಲಗೆ ಹಿಂದೆ ತಿರುಗಿ ನೋಡಿದಳು. ದೊಡ್ಡಮ್ಮ ಇವಳನ್ನೇ ನೋಡುತ್ತಿದ್ದರು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

"ಮಿಸ್ ಕರೀತಿದ್ದಾರೆ ದೊಡ್ಡಮ್ಮ!" ಎಂದು ಕೂಗಿ ಬಟನ್ ಅಲ್ಲಿಂದ ಕಾಲ್ಕಿತ್ತಳು. ಯಾವ ಮಿಸ್ಸೂ ಕರೆದಿರಲಿಲ್ಲ.

ಸೋಮಾರಿತನವಂತೆ! ಬೆಳಗಾಗುವ ಮೊದಲೇ ಎದ್ದು ಓಡುವವರು ದೊಡ್ಡಮ್ಮ. ಬಟನ್‌ನ ಅಮ್ಮನಿಗೆ ಮದುವೆ ಆಗುವ ಮುಂಚಿನಿಂದಲೂ ಓಡುತ್ತಿದ್ದಾರೆ. ಓಡಿ ಬಂದು, ಸ್ನಾನ ಮಾಡಿ, ಕತ್ತಿಗೆ ಟೇಪು ಹಾಕಿಕೊಂಡು ಅಂಗಡಿಯಲ್ಲಿ ಕೂತರೆ ಸಂಜೆವರೆಗೂ ಹೊಲಿಗೆ. ಶಾಲೆಯ ಅರ್ಧ ಮಕ್ಕಳ ಯೂನಿಫಾರ್ಮ್ ಅವರು ಹೊಲಿದದ್ದೇ.

ಕೆಲವು ತಿಂಗಳ ಹಿಂದೆ ಟಾರು ರಸ್ತೆಯಲ್ಲಿ ಓಡುವಾಗ ದೊಡ್ಡಮ್ಮ ಮುಗ್ಗರಿಸಿ ಕೈಯೂರಿ ಬಿದ್ದರು. ಬಿದ್ದದ್ದು ಸಣ್ಣದಾಗಿ, ಆದರೆ ಮಣಿಕಟ್ಟು ಮುರಿಯಿತು. ಇಷ್ಟಕ್ಕೆಲ್ಲ ಯಾಕೆ ಮುರಿಯಿತು ಅಂತ ಡಾಕ್ಟರಿಗೆ ಅನುಮಾನ ಬಂದು ಸ್ಕ್ಯಾನ್ ಮಾಡಿಸಿದರು. ಮೂಳೆಗಳೆಲ್ಲ ಒಳಗೊಳಗೇ ತೆಳುವಾಗಿವೆ, ಇದಕ್ಕೆ ಆಸ್ಟಿಯೋಪೊರೋಸಿಸ್ ಅನ್ನುತ್ತಾರೆ ಅಂದರು.

ಅಷ್ಟುದ್ದದ ಹೆಸರು ಬಟನ್‌ನ ಬಾಯಲ್ಲಿ ತಿರುಗಲಿಲ್ಲ. ದೊಡ್ಡಮ್ಮನೇ ಅವಳಿಗೆ ಬಿಡಿಸಿ ಹೇಳಿದ್ದರು. "ಹಳೇ ಬಟ್ಟೇನ ಬೆಳಕಿಗೆ ಹಿಡಿದ್ರೆ ಎಳೆ ಎಳೆ ಕಾಣುತ್ತಲ್ಲ, ಹಾಗೆ. ಬಿಸಾಕೋದೇನೂ ಬೇಡ. ಎಲ್ಲಿ ಎಳೀಬಾರದು ಅಂತ ಗೊತ್ತಿದ್ರೆ ಆಯ್ತು."

ಓಡಲೇಬಾರದು ಅಂತ ಡಾಕ್ಟರು ಹೇಳಲಿಲ್ಲ. ಇಷ್ಟು ವರ್ಷ ಓಡಿದವರು ಒಮ್ಮೆಲೇ ಕೂತರೆ ಮೂಳೆ ಇನ್ನೂ ಸೊರಗುತ್ತದೆ, ಮಾತ್ರೆ ತಗೊಂಡು, ಕಾಲಿಗೆ ಬಲ ಬರುವ ವ್ಯಾಯಾಮ ಮಾಡಿಕೊಂಡು ಮಣ್ಣಿನ ನೆಲದಲ್ಲಿ ಓಡಿ ಅಂದರು. ಆದರೆ ಬೆನ್ನು ಬಾಗಿಸಿ ಬಗ್ಗಬಾರದು. ಭಾರ ಎತ್ತಬಾರದು. ಬೀಳುವುದಂತೂ ಬೇಡವೇ ಬೇಡ.

ಅಂದಿನಿಂದ ದೊಡ್ಡಮ್ಮ ಲೇಸು ಕಟ್ಟುವುದು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿಕೊಂಡು. ಮೈದಾನದಲ್ಲಿ ಸ್ಟೂಲು ಎಲ್ಲಿಂದ ಬರಬೇಕು? ನೆಲಕ್ಕೆ ಕೂತರೆ ಏಳುವಾಗ ಕೈ ಊರಬೇಕು, ಮಣಿಕಟ್ಟು ಇನ್ನೂ ಅಷ್ಟು ಗಟ್ಟಿಯಾಗಿರಲಿಲ್ಲ. ಇದೆಲ್ಲ ಬಟನ್‌ಗೆ ಚೆನ್ನಾಗಿಯೇ ಗೊತ್ತಿತ್ತು.

ಗೊತ್ತಿದ್ದೂ ಓಡಿಹೋದಳು. ಅದಕ್ಕೆ ಕಾರಣ ಅಂಗಡಿಯ ಕಟಿಂಗ್ ಟೇಬಲ್ಲು.

ಮೊದಲು ಲಂಗದ ಅಂಚಿಗೆ ಗುರುತು ಹಾಕಲು ದೊಡ್ಡಮ್ಮ ಗಿರಾಕಿಯ ಕಾಲ ಹತ್ತಿರ ಬಗ್ಗುತ್ತಿದ್ದರು. ಈಗ ಗಿರಾಕಿಯನ್ನೇ ಟೇಬಲ್ ಹತ್ತಿಸಿ, ತಾವು ನೆಟ್ಟಗೆ ನಿಂತು ಚಾಕ್ ಎಳೆಯುತ್ತಾರೆ. ಇಂಥ ಐಡಿಯಾ ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ ಅಂತ ಅವರಿಗೆ ಭಾರೀ ಖುಷಿ. ಹೋದ ವಾರ ಜಿರಾಫೆಯೂ ಟೇಬಲ್ ಹತ್ತಿದ್ದಳು. ಮಾರನೆಯ ದಿನ ಅವಳು ಕ್ಲಾಸಿನ ಬೆಂಚು ಹತ್ತಿ, "ಟೈಲರ್ ಅಜ್ಜಿಗೆ ಬಗ್ಗೋಕಾಗಲ್ಲ, ಎಲ್ಲರೂ ಮೇಲೆ ಹತ್ತಿ," ಅಂತ ಸೊಂಟದ ಮೇಲೆ ಕೈಯಿಟ್ಟು ನಟಿಸಿ ತೋರಿಸಿದಳು. ಕ್ಲಾಸೆಲ್ಲ ನಕ್ಕಿತು. ಬಟನ್ ಕೂಡ ನಕ್ಕಳು. ಅವತ್ತು ಅವಳ ಊಟದ ಡಬ್ಬಿ ತುಂಬಿದ ಹಾಗೇ ಮನೆಗೆ ವಾಪಸ್ ಬಂತು.

ಅಮ್ಮನಿಗಂತೂ ಅಕ್ಕ ಓಡುವುದೇ ಬೇಡವಾಗಿತ್ತು. ಇನ್ನೊಮ್ಮೆ ಬಿದ್ದರೆ ಗತಿಯೇನು ಅಂತ ದಿನವೂ ಅದೇ ಮಾತು. ಕೊನೆಗೆ ಮೊನ್ನೆ ರಾತ್ರಿ ಊಟದ ಹೊತ್ತಿಗೆ ದೊಡ್ಡಮ್ಮ ತಟ್ಟೆ ಪಕ್ಕಕ್ಕಿಟ್ಟು ಹೇಳಿದರು, "ಸ್ಪೋರ್ಟ್ಸ್ ಡೇ ದಿನ ಓಡ್ತೀನಿ. ಮಧ್ಯದಲ್ಲಿ ನಿಂತ್ರೆ ಶೂ ತೆಗೆದು ನಿನ್ನ ಕೈಗೇ ಕೊಡ್ತೀನಿ. ಮುಗಿಸಿದ್ರೆ ಮತ್ತೆ ನನ್ನ ಓಟದ ಸುದ್ದಿಗೆ ಬರಬಾರದು." ಅಮ್ಮ ಒಪ್ಪಿದರು. "ಡೀಲ್!" ಅಂತ ಇಬ್ಬರ ಕೈಯನ್ನೂ ಸೇರಿಸಿದ್ದು ಇದೇ ಬಟನ್.

ಅದು ಕರ್ಚೀಫ್ ಓಟ. ಮನೆಯ ದೊಡ್ಡವರು ಕರ್ಚೀಫ್ ಹಿಡಿದು ಮೈದಾನದ ಅರ್ಧ ಸುತ್ತು ಓಡಿ ಬಂದು ಮಗುವಿನ ಕೈಗೆ ಕೊಡಬೇಕು. ಉಳಿದರ್ಧ ಮಗು ಓಡಬೇಕು. ಬಟನ್ ಮೈದಾನದ ಆಚೆ ಬದಿಯ ಸುಣ್ಣದ ಗೆರೆಯ ಮೇಲೆ ಉಳಿದ ಮಕ್ಕಳ ಜೊತೆ ನಿಂತಳು.

ಹೋದ ವರ್ಷವೂ ಇಲ್ಲೇ ನಿಂತಿದ್ದಳು. ಆಗ ಬಿಚ್ಚಿದ್ದು ಅವಳ ಲೇಸು. ದೊಡ್ಡಮ್ಮ ಅಷ್ಟು ದೂರದಿಂದ ಅದನ್ನು ಕಂಡು, ಓಟ ಶುರುವಾಗುವ ಮೊದಲು ಬಂದು, ಹೊಸ ಪ್ಯಾಂಟಿನಲ್ಲೇ ಮಣ್ಣಿಗೆ ಕೂತು ಡಬಲ್ ಗಂಟು ಹಾಕಿದ್ದರು. ಅವಳು ಕರೆದೂ ಇರಲಿಲ್ಲ. ಆ ನೆನಪು ಈಗಲೇ ಬರಬೇಕೇ? ಬಟನ್ ಕತ್ತು ಕೊಡವಿ ಅದನ್ನು ಓಡಿಸಲು ನೋಡಿದಳು.

ಯಾರಾದರೂ ಕಟ್ಟಿಕೊಟ್ಟಿರುತ್ತಾರೆ ಅಂದುಕೊಂಡಳು. ಅಷ್ಟೊಂದು ಜನ ಇದ್ದಾರಲ್ಲ.

ವಿಸಿಲ್ ಕೇಳಿಸಿತು.

ದೊಡ್ಡಮ್ಮ ಓಡುವುದನ್ನು ನೋಡಬೇಕು ನೀವು. ಬೆನ್ನು ನೆಟ್ಟಗೆ, ಹೆಜ್ಜೆ ಚಿಕ್ಕದು, ಚೂರೂ ಗಡಿಬಿಡಿ ಇಲ್ಲ. ದಪ್ಪನೆಯ ಅಂಕಲ್ ಒಬ್ಬರು ಹಿಂದೆ ಉಳಿದರು. ಜಿರಾಫೆಯ ಅಪ್ಪನೂ ಹಿಂದೆ ಬಿದ್ದರು. ಬಟನ್ ತನಗೇ ಗೊತ್ತಿಲ್ಲದೆ ಕುಣಿಯತೊಡಗಿದಳು.

ಆಗ ದೊಡ್ಡಮ್ಮ ತಲೆ ತಗ್ಗಿಸಿ ಕಾಲು ನೋಡಿಕೊಂಡರು. ಇನ್ನೊಂದು ಕಾಲಿನ ತುದಿಯಿಂದ ಹೇಗೋ ಶೂ ಒಳಗೆ ತುರುಕಿದ್ದ ಲೇಸು ಹೊರಗೆ ಬಂದಿತ್ತು. ಯಾರೂ ಕಟ್ಟಿಕೊಟ್ಟಿರಲಿಲ್ಲ. ಒಂದೆರಡು ಹೆಜ್ಜೆ ಹುಷಾರಾಗಿ ಹಾಕಿದರು. ಆಮೇಲೆ ಓಟ ನಿಲ್ಲಿಸಿ, ಪಕ್ಕಕ್ಕೆ ಸರಿದು, ಹಿಂದೆ ಬರುವವರಿಗೆ ದಾರಿ ಬಿಟ್ಟರು.

ಒಂದೊಂದೇ ಕರ್ಚೀಫ್ ಬಂತು. ಪಕ್ಕದಲ್ಲಿದ್ದ ಮಕ್ಕಳೆಲ್ಲ ಹೊರಟುಹೋದರು. ಗೆರೆಯ ಮೇಲೆ ಕೈ ಚಾಚಿಕೊಂಡು ಬಟನ್ ಒಬ್ಬಳೇ ಉಳಿದಳು. ಚಾಚಿದ ಕೈಯನ್ನು ಏನು ಮಾಡಬೇಕೋ ತಿಳಿಯದೆ ಬೆನ್ನ ಹಿಂದೆ ಅಡಗಿಸಿಕೊಂಡಳು.

ಅವಳು ಕಾಲೆಳೆಯುತ್ತ ದೊಡ್ಡಮ್ಮನ ಹತ್ತಿರ ಹೋಗುವಷ್ಟರಲ್ಲಿ ಅಮ್ಮ ಅಲ್ಲಿಗೆ ಬಂದಾಗಿತ್ತು. ಉದ್ದ ಕಾಲುಗಳಿಂದ ಎಲ್ಲರನ್ನೂ ಹಿಂದೆ ಹಾಕಿ ಗೆದ್ದ ಕಪ್ ಹಿಡಿದುಕೊಂಡು ಜಿರಾಫೆಯೂ ಅಪ್ಪನ ಜೊತೆ ಬಂದಳು. ಏನಾಯಿತು ಅಂತ ಎಲ್ಲರೂ ಕೇಳುವವರೇ.

"ಸುಸ್ತಾಯ್ತು ಕಣೇ," ಅಂದರು ದೊಡ್ಡಮ್ಮ. "ವಯಸ್ಸಾಯ್ತಲ್ಲ."

ಅಮ್ಮ ಅವರ ತೋಳು ಹಿಡಿದುಕೊಂಡರು. "ಸಾಕು ಅಕ್ಕಾ. ಮಾತು ಅಂದ್ರೆ ಮಾತು. ನಾಳೆಯಿಂದ ಓಟ ಇಲ್ಲ."

"ಹೂಂ," ಅಂದರು ದೊಡ್ಡಮ್ಮ.

ಬಟನ್ ಅವರ ಮುಖ ನೋಡಿದಳು. ಏದುಸಿರೂ ಇಲ್ಲ, ಹಣೆಯ ಮೇಲೆ ಬೆವರೂ ಅಷ್ಟಾಗಿ ಇಲ್ಲ. ಸುಸ್ತು ಅನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅವರ ಮುಷ್ಟಿಯಲ್ಲಿ ಕರ್ಚೀಫ್ ಇನ್ನೂ ಇತ್ತು. ಬಿಚ್ಚಿದ ಲೇಸು ಮಣ್ಣಿನಲ್ಲಿ ಹೊರಳುತ್ತಿತ್ತು. ಅದರ ಕಡೆ ಯಾರೂ ನೋಡುತ್ತಿರಲಿಲ್ಲ.

ಬಟನ್ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ದೊಡ್ಡಮ್ಮ ಅವಳನ್ನು ಬಿಟ್ಟುಕೊಡುವವರಲ್ಲ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನಿಸಿತು. ನೆಲಕ್ಕೇನು, ಅದು ತೆಪ್ಪಗಿತ್ತು.

"ಸುಸ್ತಾಗಿಲ್ಲ," ಅಂದಳು. ಯಾರಿಗೂ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದಳು. "ದೊಡ್ಡಮ್ಮಂಗೆ ಸುಸ್ತಾಗಿಲ್ಲ ಅಮ್ಮ. ಲೇಸು ಬಿಚ್ಚಿತ್ತು. ಕಟ್ಟು ಅಂತ ನನ್ನ ಕರೆದ್ರು. ಕೇಳಿಸಿದ್ರೂ ನಾನು ಹೋಗ್ಲಿಲ್ಲ."

"ಯಾಕೆ?" ಅಂದರು ಅಮ್ಮ.

ಜಿರಾಫೆ ಅಲ್ಲೇ ನಿಂತಿದ್ದಳು. ಬಟನ್‌ನ ಕಿವಿ ಬಿಸಿಯಾಯಿತು.

"ನಾಚಿಕೆ ಆಯ್ತು."

ದೊಡ್ಡಮ್ಮನ ಮುಖ ಚಿಕ್ಕದಾಯಿತು. ಓಟ ನಿಲ್ಲಿಸಿದಾಗ ಕೂಡ ಅದು ಹಾಗಾಗಿರಲಿಲ್ಲ. ಬಟನ್‌ಗೆ ಅಳು ಉಕ್ಕಿ ಬಂತು. ಜಿರಾಫೆ ತನ್ನ ಕಪ್ಪಿನ ಹಿಡಿಯನ್ನು ಉಗುರಿನಿಂದ ಕೆರೆಯುತ್ತ ನಿಂತಳು.

ದೊಡ್ಡಮ್ಮ ಮುಷ್ಟಿ ಬಿಚ್ಚಿ ಕರ್ಚೀಫ್ ನೋಡಿದರು. "ನನ್ನ ಅರ್ಧ ಸುತ್ತು ಇನ್ನೂ ಮುಗಿದಿಲ್ಲ," ಅಂದರು. ಬಟನ್‌ಗೆ ಹೇಳಿದರೋ ಅಮ್ಮನಿಗೋ ತಿಳಿಯಲಿಲ್ಲ. ಅಮ್ಮ ಅಕ್ಕನ ತೋಳು ಬಿಟ್ಟು ಪಕ್ಕಕ್ಕೆ ನಿಂತರು.

ಬಟನ್ ಮಣ್ಣಿಗೆ ಕೂತಳು. ದೊಡ್ಡಮ್ಮನ ಕಾಲನ್ನು ತನ್ನ ಮೊಣಕಾಲಿಗೆ ಆನಿಸಿಕೊಂಡು, ಲೇಸಿನ ಧೂಳು ಕೊಡವಿ, ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು ಗಂಟು. ದೊಡ್ಡಮ್ಮ ಬೀಳದಿರಲು ಅವಳ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದರು. ಸುತ್ತ ನಿಂತವರ ಚಪ್ಪಲಿ, ಬೂಟುಗಳೆಲ್ಲ ಅವಳಿಗೆ ಕಾಣುತ್ತಿದ್ದವು. ನೋಡುವವರು ನೋಡಲಿ ಅಂತ ಅವಳು ಗಡಿಬಿಡಿ ಮಾಡಲಿಲ್ಲ.

"ಆಯ್ತೇನೇ?" ಕೇಳಿದರು ದೊಡ್ಡಮ್ಮ.

"ಇನ್ನೂ ಇಲ್ಲ," ಅಂದಳು ಬಟನ್.

ಇನ್ನೊಂದು ಶೂ ಲೇಸು ಗಟ್ಟಿಯಾಗೇ ಇತ್ತು. ಅವಳು ಅದನ್ನೂ ಬಿಚ್ಚಿ, ಮೊದಲಿನಿಂದ ಕಟ್ಟತೊಡಗಿದಳು.